ಇಮಾಮ್ ಸಾಬರ ಮೊದಲ ಚಕ್ರ

ಸ್ವಾಮಿ, ಗಾಡಿಚಕ್ರ ಮಾಡುವ ಇಮಾಮ್ ಸಾಬರಿಗೆ ಟೋಪಿ ಹಾಕಿದ ಗಂಡು ಇಡೀ ಹುಣಸೂರಿಗೆ ಒಬ್ಬನೇ, ಅವರ ಮೊಮ್ಮಗ ಫಕ್ರುದ್ದೀನ್. ಸಿನಿಮಾ ಟೆಂಟಿನಲ್ಲಿ ಒಂದೊಂದು ಟಾಕಿಯನ್ನೂ ಮೂರು ಮೂರು ಸಲ ನೋಡಿ, ನನ್ನ ಹತ್ತಿರ ಕ್ಷೌರಕ್ಕೆ ಕೂತಾಗಲೂ ರಾಜಕುಮಾರನ ಹಾಗೆ ಮಾತಾಡುತ್ತಿದ್ದ ಪಡ್ಡೆ. ಹೇಗೆ ಹಾಕಿದ ಅಂತ ಹೇಳುತ್ತೇನೆ, ಕೇಳಿ.

ಸಾಬರ ಕಣ್ಣಿಗೆ ಪೂರ್ತಿ ಪೊರೆ ಬಂದಿತ್ತು. ಉಳಿದಿದ್ದ ಆಸೆ ಒಂದೇ: ಹದಿನೆಂಟನೇ ವಯಸ್ಸಿನಲ್ಲಿ ತಾವು ಮಾಡಿದ ಮೊದಲ ಜೋಡಿ ಚಕ್ರ, ಹನಗೋಡಿನ ರೈತ ಚಿಕ್ಕಮಾದಯ್ಯನ ಮನೆಯಲ್ಲಿರುವುದನ್ನು ಒಮ್ಮೆ ಮುಟ್ಟಬೇಕು. ಫಕ್ರು ಮುಂಚೆಯೇ ಹೋಗಿ ವಿಚಾರಿಸಿದ. ಆ ಚಕ್ರ ಮುರಿದು ಒಲೆ ಸೇರಿ ವರ್ಷಗಳಾಗಿದ್ದವು.

"ಈಗಿರೋ ಗಾಡೀನೇ ತೋರ್ಸಿ ಮಾದಣ್ಣ. ಮುದುಕ್ರು ಖುಷಿಯಾಗಿ ಓಗ್ಲಿ."

"ಸಾಬ್ರ ಕೈಗೆ ಸುಳ್ಳೇಳಾದು ಸುಲಭ ಅಂದ್ಕಂಡಿದ್ದೀಯಾ?"

"ನಾ ನೋಡ್ಕತೀನಿ ಬುಡಿ."

ಬಾಡಿಗೆ ಸೈಕಲ್ಲಿನ ಕ್ಯಾರಿಯರಿಗೆ ಕಂಬಳಿ ಮಡಿಸಿ ಹಾಕಿ, ಅಜ್ಜನನ್ನು ಕೂರಿಸಿಕೊಂಡು ಲಕ್ಷ್ಮಣತೀರ್ಥದ ದಡ ಹಿಡಿದು ಹೊರಟ. ದಾರಿಗೆ ಎಮ್ಮೆಗಳು ಅಡ್ಡ ನಿಂತವು.

"ಸರಿಯಿರಿ ಪ್ರಜೆಗಳೇ, ಮಹಾರಾಜರ ಸವಾರಿ ಬರುತ್ತಿದೆ."

"ಅವು ಟಾಕಿ ನೋಡಿಲ್ಲ ಕಣ್ಲಾ," ಅಂದರು ಅಜ್ಜ. "ಬೆಲ್ಲು ಒಡಿ."

ಎದುರಿಗೆ ಗಾಡಿ ಬಂದಾಗಲೆಲ್ಲ ಕಿವಿಗೊಡುತ್ತಿದ್ದರು. "ಎಡಗಡೆ ಚಕ್ರ ಸವ್ದದೆ. ಎಣ್ಣೆ ಆಕೋರಿಲ್ಲ ಪಾಪ."

ಹನಗೋಡಿನಲ್ಲಿ ಹುಣಸೆಮರದಡಿ ಗಾಡಿ ನಿಂತಿತ್ತು. ಸಾಬರ ಅಂಗೈ ಚಕ್ರದ ಅರೆಗಳ, ಆ ಮರದ ಕಡ್ಡಿಗಳ ಮೇಲೆ ಜಾರಿ, ಅವೆಲ್ಲ ಬಂದು ಸೇರುವ ನಡುವಿನ ಗುಂಬಕ್ಕೆ ಬಂತು. ಬೆರಳುಗಳು ಗುಂಬದ ಹಿಂದೆ ಏನನ್ನೋ ಹುಡುಕಿ ನಿಂತವು.

"ನಂದೇ," ಅಂದರು. "ಒಂದು ಅರೇನೂ ಅಳ್ಳಾಡಿಲ್ಲ."

ಚಿಕ್ಕಮಾದಯ್ಯ ಉಸಿರು ಬಿಟ್ಟು ಮಜ್ಜಿಗೆ ತರಲು ಒಳಗೆ ಹೋದ. ಫಕ್ರು ಅಜ್ಜನ ಬೆನ್ನ ಹಿಂದೆ ನಿಂತು ಇಲ್ಲದ ಮೀಸೆ ತಿರುವಿದ.

ಊರಲ್ಲಿ ಅವನು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾನೆ. ನಾನೂ ಹಾಗೇ ಹೇಳಿಕೊಂಡು ಬಂದವನು. ಆದರೆ ನಡೆದದ್ದೇ ಬೇರೆ.

ವಾಪಸು ಬರುವಾಗ ಒಂದು ಏರಿನಲ್ಲಿ ಫಕ್ರು ಇಳಿದು ಸೈಕಲ್ ತಳ್ಳುತ್ತಿದ್ದ. ಕ್ಯಾರಿಯರಿನಿಂದ ಅಜ್ಜ ಮೆಲ್ಲಗೆ ಹೇಳಿದರು: "ನಾ ಮಾಡಿದ ಗುಂಬದ ಇಂದೆ ಉಳಿ ಗುರ್ತು ಇರ್ತದೆ. ಅದ್ರಲ್ಲಿ ಇರ್ಲಿಲ್ಲ."

ಫಕ್ರುವಿನ ಕಾಲು ನಿಂತುಹೋಯಿತು. "ಮತ್ತೆ ನಂದೇ ಅಂದ್ರಲ್ಲ ದಾದಾ?"

"ಬೆಳಗ್ಗೆಯಿಂದ ನಿನ್ನ ಬೆನ್ನು ಇಡ್ಕಂಡೇ ಕೂತಿದ್ದೆ. ನಿನ್ನ ಅಂಗಿ ಪೂರಾ ಬೆವ್ರಲ್ಲಿ ನೆಂದೋಗಿತ್ತು."

ಫಕ್ರು ಮತ್ತೆ ಸೈಕಲ್ ತಳ್ಳತೊಡಗಿದ. ಸುಮ್ಮನೆ ಒಂದು ಸಲ ಬೆಲ್ಲು ಹೊಡೆದ. ದಾರಿಯಲ್ಲಿ ಎಮ್ಮೆ ಒಂದೂ ಇರಲಿಲ್ಲ.