ಒಂದು ನಿಮಿಷ ಹತ್ತು ಸೆಕೆಂಡು

ಕಾಗದ ಓದಿ ಮುಗಿಸಿದಾಗ ಅಂಕಣಗಾರ್ತಿಗೆ ಮೊದಲು ಬಂದದ್ದು ಕೋಪ. ನಾಚಿಕೆ ನಿಧಾನವಾಗಿ, ಚಹಾ ಆರಿದ ಮೇಲೆ ಬಂತು.

‘ಮಾನ್ಯರೇ, ನಾನು ನಿವೃತ್ತ ಬಸ್ ಡ್ರೈವರ್’ ಎಂದು ಶುರುವಾಗಿತ್ತು ಕಾಗದ. ‘ತಮ್ಮ “ಈ ವಾರದ ಐದು” ಓದಿ ನಾನೂ ನನ್ನ ಮನೆಯವರೂ ಎರಡು ಬಸ್ ಬದಲಿಸಿ ಹಳೇ ರೆಕಾರ್ಡ್ ಅಂಗಡಿಗೆ ಹೋಗಿದ್ದೆವು. ಕಳೆದ ಗುರುವಾರ ಅಲ್ಲಿನ ಮರದ ಬೆಂಚಿನ ಮೇಲೆ ಒಂದು ಗಂಟೆ ಕೂತು ಹಾಡು ಕೇಳಿದೆನೆಂದು ತಾವು ಬರೆದಿದ್ದಿರಿ. ಅಲ್ಲಿ ಕನ್ನಡಕದ ಅಂಗಡಿ ಆಗಿ ಆರು ತಿಂಗಳಾಯಿತಂತೆ. ಸುಮ್ಮನೆ ಹೊರಗೆ ಬಂದರೆ ಅಂಗಡಿಯವರು ಬೇಜಾರು ಮಾಡಿಕೊಂಡಾರು ಎಂದು ನನ್ನ ಮನೆಯವರು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದರು. ತಾವು ಕೂತದ್ದು ಯಾವ ಬೆಂಚಿನ ಮೇಲೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.’

ಇದು ಕುಹಕವೋ ಮುಗ್ಧತೆಯೋ ಅವಳಿಗೆ ಗೊತ್ತಾಗಲಿಲ್ಲ. ಅದಕ್ಕೆ ಪಿನ್ನು ಚುಚ್ಚಿದ್ದ ಸಂಪಾದಕರ ಚೀಟಿಯಲ್ಲಿ ಮಾತ್ರ ಮುಗ್ಧತೆ ಚೂರೂ ಇರಲಿಲ್ಲ. ‘ಶುಕ್ರವಾರದೊಳಗೆ ಉತ್ತರ ಬರಲಿ, ಕಾಗದದ ಜತೆಗೇ ಪ್ರಕಟಿಸುತ್ತೇವೆ. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಅಂಕಣ ಇಲ್ಲಿಗೆ ನಿಲ್ಲಿಸೋಣ.’ ಅವತ್ತು ಬುಧವಾರ.

ಹದಿನಾಲ್ಕು ವರ್ಷದ ಅಂಕಣ. ಒಂದು ಹಾಡು, ಒಂದು ಸಿನಿಮಾ, ಒಂದು ಪುಸ್ತಕ, ಹೋಗಿ ಕೂರುವಂಥ ಒಂದು ಜಾಗ, ಊರಿನಲ್ಲಿ ಕಣ್ಣಿಗೋ ಕಿವಿಗೋ ಬಿದ್ದ ಒಂದು ಚಿಕ್ಕ ಸಂಗತಿ. ಇವನ್ನೆಲ್ಲ ಅವಳು ಹುಡುಕುತ್ತಿದ್ದದ್ದು ಗಂಡನ ಜತೆಗೆ. ಹುಡುಕುತ್ತಿದ್ದರು ಅನ್ನುವುದಕ್ಕಿಂತ ಜಗಳವಾಡುತ್ತಿದ್ದರು ಅನ್ನುವುದೇ ಸರಿ. ಸಿನಿಮಾ ಮುಗಿದು ದೀಪ ಹತ್ತುವುದೇ ತಡ, ಅವನು “ಏನಿದೆ ಅದರಲ್ಲಿ?” ಅನ್ನುತ್ತಿದ್ದ. ಏನಿದೆ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಮನೆಯ ಬೀಗ ತೆಗೆಯುವ ಹೊತ್ತಿಗೆ ಅಂಕಣ ಬಾಯಲ್ಲೇ ತಯಾರಾಗಿರುತ್ತಿತ್ತು.

ಅವನು ಹೋಗಿ ಹನ್ನೊಂದು ತಿಂಗಳು. ಆಮೇಲೆ ಒಂದೇ ಒಂದು ಸಲ ಸಿನಿಮಾಕ್ಕೆ ಹೋಗಿ ಮಧ್ಯಂತರಕ್ಕೇ ಎದ್ದು ಬಂದಳು. ಸಿನಿಮಾ ಕೆಟ್ಟದ್ದೇನಲ್ಲ, ಒಳ್ಳೆಯದೋ ಏನೋ ಅದೂ ಗೊತ್ತಾಗಲಿಲ್ಲ. ಮೆಟ್ಟಿಲಿಳಿಯುವಾಗ ಪಕ್ಕದಲ್ಲಿ ಯಾರೂ ಏನೂ ಕೇಳಲಿಲ್ಲ. ಅಂದಿನಿಂದ ಅವಳು ಮನೆ ಬಿಟ್ಟು ಕದಲಲಿಲ್ಲ; ಹಳೇ ಡೈರಿಗಳನ್ನು ತೆಗೆದು ತಾರೀಖು ಬದಲಿಸಿ ಬರೆದು ಕಳಿಸತೊಡಗಿದಳು. ರೆಕಾರ್ಡ್ ಅಂಗಡಿ ಎಂಟು ವರ್ಷದ ಹಿಂದಿನ ಡೈರಿಯದು. ಆ ಬೆಂಚಿನ ಒಂದು ಕಾಲು ಗಿಡ್ಡವಿತ್ತು ಅನ್ನುವುದನ್ನೂ ಬಿಡದೆ ಬರೆದಿದ್ದಳು, ಪುಣ್ಯಾತ್ಗಿತ್ತಿ.

ಅಚ್ಚಿನ ತಪ್ಪು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಬರೆದಳು ಕೂಡ. ಎರಡು ಸಲ ಓದಿ ಹರಿದು ಹಾಕಿದಳು. ಮಂಚದ ಕೆಳಗೆ ಬಗ್ಗಿ ಚಪ್ಪಲಿ ಹುಡುಕಿ, ಧೂಳು ಕೊಡವಿ, ಕಾಗದದಲ್ಲಿದ್ದ ವಿಳಾಸಕ್ಕೆ ಹೊರಟಳು.

ಬಾಗಿಲು ತೆರೆದದ್ದು ದಪ್ಪ ಫ್ರೇಮಿನ ಹೊಸ ಕನ್ನಡಕ ಹಾಕಿಕೊಂಡ ಹೆಂಗಸು.

“ನಾನು... ಆ ಬೆಂಚಿನ ಬಗ್ಗೆ ಬರೆದೋಳು” ಅಂದಳು ಅಂಕಣಗಾರ್ತಿ.

“ಅಯ್ಯೋ, ಒಳಗೆ ಬನ್ನಿ. ನಿಮ್ಮಿಂದ ನನಗೆ ಕನ್ನಡಕ ಬಂತು ನೋಡಿ. ಇವರ ಮುಖದಲ್ಲಿ ಇಷ್ಟೊಂದು ಗೆರೆ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ.”

ಗೆರೆಗಳ ಯಜಮಾನ ಪೇಪರು ಮಡಚಿಟ್ಟು ಎದ್ದು ನಿಂತ. ಎತ್ತರದ ಆಳು, ಡ್ರೈವರ್ ಸೀಟಿನಲ್ಲಿ ಮೂವತ್ತು ವರ್ಷ ಕೂತು ಬೆನ್ನು ಸ್ವಲ್ಪ ಬಾಗಿತ್ತು. ಕೊಟ್ಟ ಕುರ್ಚಿಯಲ್ಲಿ ಕೂರದೆ ಅಂಕಣಗಾರ್ತಿ ಹೇಳಿಬಿಟ್ಟಳು:

“ನಾನು ಬರೆದಿದ್ದು ಸುಳ್ಳು. ನಮ್ಮ ಯಜಮಾನ್ರು ಹೋದ್ಮೇಲೆ ನಾನು ಎಲ್ಲಿಗೂ ಹೋಗಿಲ್ಲ. ಎಲ್ಲಾ ಹಳೇದು. ನನಗೀಗ ಯಾವುದೂ ಇಷ್ಟ ಆಗೋದೇ ಇಲ್ಲ.”

ಕೊನೆಯ ಮಾತು ಹೇಳಬೇಕೆಂದು ಬಂದದ್ದಲ್ಲ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಇಷ್ಟಪಡುವುದೊಂದೇ ಅವಳಿಗೆ ಗೊತ್ತಿದ್ದ ಕೆಲಸ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಡ್ರೈವರ್ ಗಡಿಯಾರ ನೋಡಿದ.

“ಐದು ಗಂಟೆ. ನಮ್ಮ ಜತೆ ಒಂದು ಬಸ್ಸು ಹತ್ತೋದಕ್ಕೆ ಪುರುಸೊತ್ತಿದೆಯಾ ಮೇಡಂ?”

ಬಸ್ಸಿನಲ್ಲಿ ಹೆಂಡತಿ ಎಡಗಡೆಯ ಕಿಟಕಿಗೆ ಕೂತಳು, ಅಂಕಣಗಾರ್ತಿ ಅವಳ ಪಕ್ಕದಲ್ಲಿ. ಮುಂದಿನ ಸೀಟಿನಲ್ಲಿ ಕೂತ ಡ್ರೈವರ್ ಹಿಂದಕ್ಕೆ ತಿರುಗಿ ಮಾತಿಗೆ ತೊಡಗಿದ. ಕೈ ಮಾತ್ರ ಆಗಾಗ ಇಲ್ಲದ ಗೇರು ಬದಲಿಸುತ್ತಿತ್ತು.

“ಕೊನೇ ಏಳು ವರ್ಷ ಐದೂವರೆ ಟ್ರಿಪ್ಪು ನಂದೇ. ಮುಂದೆ ಒಂದು ಸಿಗ್ನಲ್ ಇದೆ. ಕೆಂಪು ಬಿದ್ರೆ ಒಂದು ನಿಮಿಷ ಹತ್ತು ಸೆಕೆಂಡು. ಅಲ್ಲಿ ಮೇಲಿನ ಒಂದು ಮನೆಯಿಂದ ಪಿಟೀಲು ಕೇಳ್ಸುತ್ತೆ. ಮೊದಲ್ನೇ ವರ್ಷ ಬಾಗಿಲು ಕಿರುಗುಟ್ಟಿದ ಹಾಗಿತ್ತು ಮೇಡಂ. ಇಂಜಿನ್ ಸದ್ದೇ ವಾಸಿ. ಮೂರನೇ ವರ್ಷದಿಂದ ಕೆಂಪು ಬಿದ್ದ ತಕ್ಷಣ ಇಂಜಿನ್ ಆಫ್ ಮಾಡೋಕೆ ಶುರು ಮಾಡ್ದೆ. ಡೀಸೆಲ್ ಉಳಿಸ್ತಾನೆ ಅಂತ ಡಿಪೋದಲ್ಲಿ ನನಗೆ ಸನ್ಮಾನ ಬೇರೆ ಮಾಡಿದ್ರು.”

“ನುಡಿಸೋದು ಯಾರು?”

“ಒಬ್ಬಳು ಹುಡುಗಿ. ಶುರು ಮಾಡಿದಾಗ ಎಂಟೋ ಒಂಬತ್ತೋ ಇದ್ದಿರ್ಬೇಕು. ಈಗ ಹೈಸ್ಕೂಲು ಮುಗಿಸೋ ವಯಸ್ಸು.”

“ನೋಡಿದೀರಾ?”

“ಎಲ್ಲಿ ನೋಡೋದು? ನನ್ನ ಸೀಟಿಂದ ಕಾಣೋದು ಮೊದಲ್ನೇ ಮಹಡಿ ತನಕ. ಅವಳಿರೋದು ಮೂರನೇದ್ರಲ್ಲಿ. ಹಸಿರು ಬಿದ್ಮೇಲೆ ಡ್ರೈವರ್ ಆದೋನು ಮೇಲೆ ನೋಡಬಾರ್ದು.” ಇಲ್ಲದ ಗೇರು ಇನ್ನೊಮ್ಮೆ ಬದಲಿಸಿ ಹೇಳಿದ, “ರಿಟೈರ್ ಆದ್ಮೇಲೂ ಹೀಗೇ ಬಸ್ಸಲ್ಲೇ ಬಂದು ಕೇಳ್ಕೊಂಡು ಹೋಗ್ತೀವಿ. ಮೇಲೆ ನೋಡೋ ಅಭ್ಯಾಸ ಇಲ್ಲ, ಇಳಿದೂ ಕೇಳಿಲ್ಲ.”

ಸಿಗ್ನಲ್ ಕೆಂಪಾಯಿತು. ಈಗಿನ ಡ್ರೈವರ್ ಇಂಜಿನ್ ಆಫ್ ಮಾಡಲಿಲ್ಲ, ಇವನು ಲೊಚಗುಟ್ಟಿದ. ಆದರೂ ಇಂಜಿನ್ನಿನ ಗುಡುಗುಡು ಸದ್ದಿನ ನಡುವೆ ಪಿಟೀಲು ಇಳಿದು ಬಂತು. ನಿಧಾನವಾದ ರಾಗ, ಎಚ್ಚರಿಕೆಯಿಂದ ನುಡಿಸುತ್ತಿದ್ದರು. ಹೆಂಡತಿ ಕತ್ತು ಹೊರಗೆ ಹಾಕಿ ಮೇಲೆ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

“ರೀ, ಅದು ಹುಡುಗಿ ಅಲ್ಲ ರೀ. ತಲೆ ಪೂರ್ತಿ ಬೆಳ್ಳಗಿದೆ.”

“ಅವಳ ಟೀಚರ್ ಇರ್ಬೇಕು ಕಣೇ.”

“ಟೀಚರೂ ಇಲ್ಲ ಯಾರೂ ಇಲ್ಲ. ಒಬ್ರೇ ನಿಂತಿದಾರೆ. ನನಗಿಂತ ದೊಡ್ಡೋರು. ಪಿಟೀಲು ಅವರ ಕೈಲೇ ಇದೆ.”

“ನಿನ್ನ ಕನ್ನಡಕ ಹೊಸದು, ಇನ್ನೂ ಕಣ್ಣಿಗೆ ಕೂತಿಲ್ಲ.”

ಅಂಕಣಗಾರ್ತಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಮೂರನೇ ಮಹಡಿಯ ತೆರೆದ ಕಿಟಕಿಯಲ್ಲಿ ನರೆಗೂದಲಿನ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳು ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ಹಸಿರು ಬಿತ್ತು. ಬಸ್ಸು ಹೊರಟಿತು. ಅಂಕಣಗಾರ್ತಿ ಎದ್ದು ನಿಂತಿದ್ದಳು.

“ಇಳಿಯೋಣ” ಅಂದಳು.

“ಇಳೀಲೇಬೇಕಾ?” ಅಂದ ಡ್ರೈವರ್. ಅಷ್ಟರಲ್ಲಿ ಅವನ ಹೆಂಡತಿ ಬಾಗಿಲ ಹತ್ತಿರ ಹೋಗಿಯಾಗಿತ್ತು.

ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದರು. ಕಿಟಕಿಯ ಎದುರಿನ ಫುಟ್‌ಪಾತಿನಲ್ಲಿ ಸಿಮೆಂಟಿನ ಕಟ್ಟೆಯೊಂದಿತ್ತು. ಡ್ರೈವರ್ ತಲೆಯೆತ್ತಿ ಒಂದು ಸಲ ನೋಡಿ, ಕಟ್ಟೆಯ ಮೇಲೆ ಕುಸಿದು ಕೂತ.

“ಏಳು ವರ್ಷ ಒಂದು ಹುಡುಗೀನ ಬೆಳೆಸಿದೀನಿ ನಾನು” ಅಂದ. “ಎರಡು ದಿನ ಪಿಟೀಲು ಕೇಳ್ಸದೇ ಇದ್ರೆ ಜ್ವರ ಬಂದಿರ್ಬೇಕು ಅಂತ ಊಟ ಸೇರ್ತಿರ್ಲಿಲ್ಲ. ಪರೀಕ್ಷೆ ಟೈಮಲ್ಲಿ ಯಾಕೆ ಇಷ್ಟು ಹೊತ್ತು ನುಡಿಸ್ತಾಳೆ ಅಂತ ಬೈದಿದೀನಿ.”

“ಹುಡುಗಿ ಆಗಿದ್ರೆ ಇಷ್ಟರಲ್ಲಿ ಬಿಟ್ಟುಬಿಟ್ಟಿರ್ತಿದ್ಲು ಬಿಡಿ” ಅಂದಳು ಹೆಂಡತಿ.

ಮೇಲೆ ಒಂದು ಸ್ವರ ಜಾರಿತು. ಡ್ರೈವರಿಗೆ ಅಷ್ಟೇ ಸಾಕಾಯಿತು. ತನ್ನ ಮಗಳನ್ನು ಯಾರೋ ಕಿತ್ತುಕೊಂಡಷ್ಟು ಸಿಟ್ಟು ಬಂದಿತ್ತು ಅವನಿಗೆ.

“ವಯಸ್ಸಾದೋರು ಹೊತ್ತು ಹೋಗ್ದೆ ನುಡಿಸ್ತಾರೆ. ಏನಿದೆ ಅದರಲ್ಲಿ?”

ಅಂಕಣಗಾರ್ತಿ ಗಕ್ಕನೆ ಅವನ ಕಡೆ ತಿರುಗಿದಳು.

“ಏನಿದೆ ಅಂದ್ರೆ?” ಅಂದಳು. ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. “ಈಗ ಸ್ವರ ಜಾರಿತಲ್ಲ, ಹುಡುಗಿ ಆಗಿದ್ರೆ ಅವಸರದಲ್ಲಿ ಮುಂದೆ ಹೋಗಿರ್ತಿದ್ಲು. ಇವರು ನಿಲ್ಲಿಸಿದ್ರು. ವಾಪಸ್ ಹೋದ್ರು. ಕೇಳಿ, ಮತ್ತೆ ಅಲ್ಲಿಗೇ ಬರ್ತಿದಾರೆ. ಬಾಗಿಲು ಕಿರುಗುಟ್ಟಿದ ಹಾಗೆ ಅಂದ್ರಲ್ಲ, ಅರವತ್ತು ದಾಟಿದೋರು ಆ ಸದ್ದನ್ನ ಕಿಟಕಿ ತೆರೆದು ಇಡೀ ಬೀದಿಗೆ ಕೇಳ್ಸಿದಾರೆ. ನಾನಾಗಿದ್ರೆ ಕಿಟಕಿ ಮುಚ್ಚಿರ್ತಿದ್ದೆ.”

“ಅದೆಲ್ಲಾ ಸರಿ. ಆದ್ರೂ ಮೊದಲಿನ ಸುಖ ಇಲ್ಲ.”

“ಅದಕ್ಕಿಂತ ಜಾಸ್ತಿ ಇದೆ. ಸುಮ್ಮನೆ ಕೂತು ಪೂರ್ತಿ ಕೇಳಿ ಮೊದ್ಲು.”

ಗದರಿಸಿಕೊಂಡ ಡ್ರೈವರ್ ಮತ್ತೆ ಕಿಟಕಿಯ ಕಡೆ ತಲೆಯೆತ್ತಿದ. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಎಷ್ಟೋ ದಿನದ ಮೇಲೆ ಅಂಕಣಗಾರ್ತಿಗೆ ಸಂತೋಷವಾಗಿತ್ತು, ಅದು ಅವಳಿಗೂ ಗೊತ್ತಾಯಿತು. ಚೀಲ ತಡಕಿದಳು. ಡೈರಿ ತಂದಿರಲಿಲ್ಲ. ಅವನ ಕಾಗದವನ್ನೇ ತಿರುಗಿಸಿ, ಕಟ್ಟೆಯ ಮೇಲಿಟ್ಟು, ಹಿಂಬದಿಯಲ್ಲಿ ಬರೆದಳು: ‘ಒಂದು. ಆ ಬೆಂಚು ಈಗಿಲ್ಲ. ಆ ಗುರುವಾರ ನಾನು ಮನೆಯಲ್ಲೇ ಇದ್ದೆ.’ ಅದರ ಕೆಳಗೆ ‘ಎರಡು’ ಎಂದು ಬರೆದು ಪೆನ್ನು ಎತ್ತಿ ಹಿಡಿದಳು.

ಮೇಲೆ ಪಿಟೀಲು ನಿಂತಿತು. ಹಾಳೆ ಮಗುಚಿದ ಸದ್ದು ಕೇಳಿಸಿದಂತಾಯಿತು. ಸಿಗ್ನಲ್ ಹಸಿರಾಗಿ ಬಸ್ಸುಗಳು ಹೋದವು, ಮತ್ತೆ ಕೆಂಪಾಯಿತು. ಡ್ರೈವರ್ ಇಲ್ಲದ ಕೀಲಿಯನ್ನು ತಿರುಗಿಸಿ ಇಂಜಿನ್ ಆಫ್ ಮಾಡಿ ಕಾದು ಕೂತ. ಕಿಟಕಿಯಿಂದ ರಾಗ ಮೊದಲಿನಿಂದ ಶುರುವಾಯಿತು.