ಕನೇಲಳಿಗೆ ಎಂಪಾಚೊ

ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆಯುತ್ತಲೇ ವಾಸನೆ ಮೂಗಿಗೆ ಬಡಿಯಿತು. ಕನೇಲ ಮತ್ತೆ ಇಲಿಯನ್ನು ಕಕ್ಕಿದ್ದಳು. ನುಂಗಿದ ಇಲಿ ಕರಗದೆ, ಕೊಳೆತು, ಹಾಗೇ ಹೊರಗೆ ಬಂದಿತ್ತು. ನನ್ನ ಸೊಸೆ ನೋಯೆಮಿ ಮೊಣಕಾಲೂರಿ ಗಾಜಿನ ಪೆಟ್ಟಿಗೆಯ ತಳ ಒರೆಸುತ್ತಿದ್ದಳು. ಹಾವು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಮುಖ ಹುದುಗಿಸಿಕೊಂಡಿದ್ದಳು. ನಮ್ಮ ಮನೆಯಲ್ಲಿ ಯಾರೂ ಅವಳನ್ನು ‘ಅದು’ ಎನ್ನುವುದಿಲ್ಲ.

ನೋಯೆಮಿಯ ತವರು ವೆರಾಕ್ರೂಸ್ ಕಡೆಯ ಸೆಕೆಯ ಊರು. ಅವಳಪ್ಪನ ಜೋಳದ ಉಗ್ರಾಣದಲ್ಲಿ ಇಲಿ ಹಿಡಿಯಲೆಂದೇ ಬಿಟ್ಟಿದ್ದ ಬೋವಾ ಹಾವಿನ ಮರಿ ಈ ಕನೇಲ; ದಾಲ್ಚಿನ್ನಿ ಬಣ್ಣ, ಅದಕ್ಕೆ ಆ ಹೆಸರು. ನನ್ನ ಮಗ ಅನ್ಸೆಲ್ಮೊನನ್ನು ಮದುವೆಯಾಗಿ ನಮ್ಮ ಚಳಿಯೂರು ತೊಲೂಕಾಕ್ಕೆ ಬಂದಾಗ ನೋಯೆಮಿ ತಂದದ್ದು ಒಂದು ಸೂಟ್‌ಕೇಸು, ಒಂದು ಹಾವು. ಮಗ ದೂರದ ಊರುಗಳಿಗೆ ಬಸ್ಸು ಓಡಿಸುತ್ತಾನೆ. ವಾರದ ಹೆಚ್ಚು ದಿನ ಮನೆಯಲ್ಲಿ ಇರುವವರು ನಾವೇ ಹೆಂಗಸರು. ಬೇಸಿಗೆಯೆಲ್ಲ ಕನೇಲ ಚೆನ್ನಾಗಿಯೇ ಇದ್ದಳು. ಡಿಸೆಂಬರು ಬಂದದ್ದೇ ತಡ, ಅವಳ ಹೊಟ್ಟೆ ಕೆಟ್ಟಿತು. ಮನೆ ಕಾಯಿಸುವ ರೂಢಿ ನಮ್ಮಲ್ಲಿಲ್ಲ; ಚಳಿ ಹೆಚ್ಚಾದರೆ ಇನ್ನೊಂದು ಸ್ವೆಟರು ಹಾಕಿಕೊಳ್ಳುತ್ತೇವೆ, ಅಷ್ಟೆ. ಹಾಗಾಗಿ ಪೆಟ್ಟಿಗೆಯನ್ನು ಒಲೆಯ ಪಕ್ಕಕ್ಕೆ ತಂದಿಟ್ಟಿದ್ದೆವು.

“ಅತ್ತೆ, ಇವಳಿಗೆ ಈ ಊರು ಒಗ್ಗಲ್ಲ,” ಎಂದಳು ನೋಯೆಮಿ, ತಲೆ ಎತ್ತದೆ. “ಇನ್ನೊಂದು ಸಲ ಹೀಗಾದ್ರೆ ಸತ್ತೇ ಹೋಗ್ತಾಳೆ. ಅಪ್ಪನ ಮನೆಗೆ ಕರ್ಕೊಂಡು ಹೋಗ್ತೀನಿ.”

“ಅವಳನ್ನ ಅಲ್ಲಿ ಬಿಟ್ಟು ನೀನು ವಾಪಸ್ ಬರ್ತೀಯ ತಾನೆ?”

ಅವಳು ಬಟ್ಟೆ ಹಿಂಡಿದಳು. ಮತ್ತೊಮ್ಮೆ ಹಿಂಡಿದಳು.

ಅಷ್ಟರಲ್ಲಿ ಪೆತ್ರಾ ಬಂದಳು, ಕೈಯಲ್ಲಿ ಬಿಸಿ ಅತೋಲೆ ಗಂಜಿಯ ಪಾತ್ರೆ. ನನ್ನ ಮಗನಿಗೆ ಚರ್ಚಿನಲ್ಲಿ ಹೆಸರಿಡುವಾಗ ಅವನನ್ನು ಎತ್ತಿಕೊಂಡವಳು ಅವಳು. ಅಂದಿನಿಂದ ನಾವು ಒಬ್ಬರಿಗೊಬ್ಬರು ಕೊಮಾದ್ರೆ. ನಮ್ಮ ಬೀದಿಯ ಅರ್ಧ ಮಕ್ಕಳ ಹೊಟ್ಟೆ ಅವಳ ಕೈಯಲ್ಲೇ ಸರಿಹೋದದ್ದು.

“ಕೊಮಾದ್ರೆ, ನಾನು ಹೇಳ್ಲಿಲ್ವಾ? ಇದು ಎಂಪಾಚೊ! ತಿಂದದ್ದು ಹೊಟ್ಟೆ ಗೋಡೆಗೆ ಅಂಟಿಕೊಂಡಿದೆ. ಹಂದಿ ಕೊಬ್ಬು ಹಚ್ಚಿ ನೀವಬೇಕು, ಬೆನ್ನಿನ ಚರ್ಮ ಟಕ್ ಅನ್ನೋ ಹಾಗೆ ಎಳೀಬೇಕು.”

“ಅವಳಿಗೆ ಮೈಯೆಲ್ಲ ಬೆನ್ನೇ. ಎಲ್ಲಿಂದ ಶುರು ಮಾಡ್ತೀಯೆ?” ಎಂದೆ.

“ನಗು, ನಗು. ಕಾಲೇಜು ಕಲಿತವಳು ನೀನು.”

“ಬೇಡ, ದೋನ್ಯಾ ಪೆತ್ರಾ,” ಎಂದಳು ನೋಯೆಮಿ, ಹಿರಿಯಳೆಂಬ ಮರ್ಯಾದೆ ಬಿಡದೆ. “ದಯವಿಟ್ಟು ಬೇಡ. ಡಾಕ್ಟರ ಹತ್ರ ಹೋಗ್ತೀವಿ.”

ದಿಂಬಿನ ಚೀಲದೊಳಗೆ ಕನೇಲಳನ್ನಿಟ್ಟು, ಚೀಲವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟ್ಯಾಕ್ಸಿ ಹತ್ತಿದೆವು. ಪೆತ್ರಾ ತಾನೂ ಬರುತ್ತೇನೆಂದು ಹಠ ಹಿಡಿದಳು. ಗಾಳಿ ತಾಗಬಾರದೆಂದು ತನ್ನ ಶಾಲನ್ನೇ ಪೆಟ್ಟಿಗೆಗೆ ಹೊದಿಸಿ, ದಾರಿಯುದ್ದಕ್ಕೂ ತೆಳು ಅಂಗಿಯಲ್ಲೇ ನಡುಗುತ್ತ ಕುಳಿತಿದ್ದಳು.

ಡಾಕ್ಟರ್ ಅಂಪಾರೊ ಚಿಕ್ಕ ವಯಸ್ಸಿನವಳು. ಕನೇಲಳನ್ನು ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದನ್ನು ನೋಡಿಯೇ ನನಗೆ ಅರ್ಧ ಧೈರ್ಯ ಬಂತು.

“ಪೆಟ್ಟಿಗೆಗೆ ಬಿಸಿ ಹೇಗೆ ಕೊಡ್ತಾ ಇದ್ದೀರಿ?”

“ಒಲೆ ಪಕ್ಕದಲ್ಲಿದೆ,” ಎಂದೆ.

“ಒಲೆ ಆರಿದ ಮೇಲೆ?”

“ಕಂಬಳಿ ಹೊದಿಸ್ತೀವಿ,” ಎಂದೆ.

“ನೋಡಿ, ಹಾವಿಗೆ ತನ್ನದೇ ಬಿಸಿ ಅಂತ ಇರಲ್ಲ. ಮೈ ತಣ್ಣಗಾದ್ರೆ ಹೊಟ್ಟೆ ಕೆಲಸ ನಿಲ್ಲಿಸುತ್ತೆ, ಇಲಿ ಒಳಗೇ ಕೊಳೆಯುತ್ತೆ. ಹಗಲೂ ರಾತ್ರಿ ಪೆಟ್ಟಿಗೆಯ ಒಂದು ಕಡೆ ಮೂವತ್ತೆರಡು ಡಿಗ್ರಿ ಇರ್ಬೇಕು, ಇನ್ನೊಂದು ಕಡೆ ತಂಪಿರ್ಬೇಕು. ಎಲ್ಲಿರ್ಬೇಕು ಅಂತ ಅವಳೇ ನೋಡ್ಕೋತಾಳೆ.” ಹೇಳುತ್ತಲೇ ಅವಳು ಬಗ್ಗಿ ಮೂಸಿದಳು. ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದಳು. “ಇದೇನು ಜಿಡ್ಡು? ಹಂದಿ ಕೊಬ್ಬಾ? ಊಟ ಆದ್ಮೇಲೆ ಯಾರು ಇವಳ ಹೊಟ್ಟೆ ನೀವಿದ್ದು?”

ನೋಯೆಮಿ ನನ್ನತ್ತ ನೋಡಿದಳು. ನಾನು ಪೆತ್ರಾಳತ್ತ ನೋಡಿದೆ. ಪೆತ್ರಾ ಗೋಡೆಯ ಮೇಲಿದ್ದ ನಾಯಿಯ ಚಿತ್ರ ನೋಡುತ್ತಿದ್ದಳು.

“ನಾನೇ, ಡಾಕ್ಟ್ರಮ್ಮ,” ಎಂದಳು ಕೊನೆಗೆ. “ಇವಳು ಬೇಕರಿ ಕೆಲಸಕ್ಕೆ ಹೋದಾಗ. ಕೊಮಾದ್ರೆ ಪೂಜೆಗೆ ಚರ್ಚಿಗೆ ಹೋದಾಗ. ಮೆತ್ತಗೇ ನೀವಿದೆ, ಕೂಸಿಗೆ ನೀವೋ ಹಾಗೆ.”

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?” ಎಂದಳು ನೋಯೆಮಿ.

“ಕೇಳಿದ್ದೆ, ಮಗಳೇ. ನೀನು ಬೇಡ ಅಂದೆ.”

ಡಾಕ್ಟರು ಬೈಯಲಿಲ್ಲ. ಮೊದಲ ಸಲ ಕಕ್ಕಿದ್ದು ಚಳಿಗೆ, ಎರಡನೆಯ ಸಲ ಚಳಿಯ ಜೊತೆಗೆ ನೀವಿದ್ದಕ್ಕೆ ಎಂದಳು. ಕೆಲವು ವಾರ ನೀರು ಬಿಟ್ಟು ಏನೂ ಕೊಡಬಾರದು, ಆಮೇಲೆ ತೀರಾ ಚಿಕ್ಕ ಇಲಿಮರಿ. ತಿಂದ ಮೇಲೆ ಯಾರೂ ಮುಟ್ಟಕೂಡದು. “ಅದೂ ಹೊರಗೆ ಬಂದ್ರೆ ನನ್ನ ಕೈಲೂ ಕಷ್ಟ,” ಎಂದು ಮೆಲ್ಲಗೆ ಸೇರಿಸಿದಳು.

ಬಿಸಿಯಾಗುವ ಹಾಸನ್ನೂ, ಹೆಚ್ಚು ಕಾಯದಂತೆ ತಡೆಯುವ ಯಂತ್ರವನ್ನೂ ತಂದು, ನೋಯೆಮಿ ಹಾಸನ್ನು ಪೆಟ್ಟಿಗೆಯ ಅರ್ಧ ತಳಕ್ಕೆ ಮಾತ್ರ ಹೊಂದಿಸಿದಳು. ಕನೇಲ ಮೊದಲ ದಿನ ತಂಪಿನ ಮೂಲೆ ಬಿಟ್ಟು ಕದಲಲಿಲ್ಲ. ನೋಯೆಮಿ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಸೂಟ್‌ಕೇಸು ಕಪಾಟಿನ ಮೇಲಿಂದ ಇಳಿದು ಮಂಚದ ಪಕ್ಕಕ್ಕೆ ಬಂದಿತ್ತು. ಗುಡಿಸುವಾಗೆಲ್ಲ ಅದು ತುಂಬಿದೆಯೇ ಎಂದು ಎತ್ತಿ ನೋಡುತ್ತಿದ್ದೆ.

ಕೆಲವು ವಾರ ಕಳೆದು ಇಲಿಮರಿ ಕೊಟ್ಟ ದಿನದಿಂದ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕನೇಲಳ ಮೈಯಲ್ಲಿ ಸಣ್ಣ ಉಬ್ಬು. ಬಿಸಿಯ ಕಡೆಗೆ ತಾನಾಗಿ ಸರಿದು ಮಲಗಿದ್ದಳು. ಅವಳು ಬಾಯಿ ಸ್ವಲ್ಪ ತೆರೆದರೆ ನಾನು ಕೈಗೆಲಸ ಬಿಟ್ಟು ಪೆಟ್ಟಿಗೆಯ ಬಳಿ ಓಡುತ್ತಿದ್ದೆ. ಪೆತ್ರಾ ದಿನವೂ ಬಂದು ಎದುರಿಗೆ ಕೂರುತ್ತಿದ್ದಳು, ಎರಡೂ ಕೈಗಳನ್ನು ಶಾಲಿನಲ್ಲಿ ಗಂಟು ಹಾಕಿಕೊಂಡು. “ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಕೊಮಾದ್ರೆ,” ಎನ್ನುತ್ತಿದ್ದಳು. ಉಬ್ಬು ಕೆಳಕ್ಕೆ ಸರಿಯಿತು. ಆಮೇಲೆ ಕಾಣದಾಯಿತು. ಆದರೂ ಭಯ ಹೋಗಲಿಲ್ಲ.

ಒಂದು ಭಾನುವಾರ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿಂದ ನೋಯೆಮಿ ಕೂಗಿದಳು: “ಅತ್ತೆ! ಅತ್ತೆ, ಬನ್ನಿ!”

ಒದ್ದೆ ಕೈಯಲ್ಲೇ ಓಡಿದೆ. ಅವಳು ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದವನ್ನು ಹರಿವಾಣದಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು.

“ಏನಾಯ್ತೇ?”

“ಕಕ್ಕ ಮಾಡಿದ್ದಾಳೆ, ಅತ್ತೆ! ಗಟ್ಟಿಯಾಗಿದೆ. ಎಲ್ಲ ಕರಗಿದೆ, ನೋಡಿ!”

ನೋಡಿದೆ. ಅಂಥದ್ದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಮಗ ಹಾಲುಗೂಸಾಗಿದ್ದಾಗ. ನನ್ನ ಹಿಂದೆಯೇ ಬಂದ ಪೆತ್ರಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಎಂಪಾಚೊ ಇಳೀತು!” ಎಂದಳು. ಯಾರೂ ಅವಳನ್ನು ತಿದ್ದಲಿಲ್ಲ.

ನೋಯೆಮಿ ಕೈ ತೊಳೆದು ಬಂದು ನನ್ನ ಪಕ್ಕದಲ್ಲಿ ನಿಂತಳು. ಸಂಕೋಚದಿಂದ ಕೇಳಿದಳು: “ಅತ್ತೆ, ನಮ್ಮ ಕೋಣೆಗೂ ಒಂದು ಹೀಟರ್ ತರೋಣವಾ? ನನಗೂ ಇಲ್ಲಿ ತುಂಬಾ ಚಳಿ. ಹೇಳೋಕೆ ನಾಚಿಕೆ ಆಗ್ತಿತ್ತು.”

“ಇವತ್ತೇ ತರೋಣ,” ಎಂದೆ. ಒದ್ದೆ ಕೈ ಒರೆಸಿಕೊಂಡು ದುಡ್ಡಿನ ಚೀಲ ತೆಗೆದುಕೊಂಡೆ.

ಪೇಟೆಗೆ ಹೊರಟಾಗ ಕನೇಲಳನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ನೋಯೆಮಿ ಪೆಟ್ಟಿಗೆಯ ಪಕ್ಕಕ್ಕೆ ಕುರ್ಚಿ ಎಳೆದಳು.

“ದೋನ್ಯಾ ಪೆತ್ರಾ, ನೀವಿರ್ತೀರಲ್ವಾ?”

ಪೆತ್ರಾ ರಾಣಿಯಂತೆ ಹೋಗಿ ಕುಳಿತಳು.