ಹೊಂಬಾಳಮ್ಮನ ತೋರುಬೆರಳು

ನಾನು ಒಂದು ಬೆರಳಚ್ಚು ಸೆನ್ಸರ್. ಫೋನಿನ ಬೆನ್ನಿನಲ್ಲಿ, ಕ್ಯಾಮೆರಾದ ಕೆಳಗೆ, ಅಂಗಿಯ ಗುಂಡಿಯಷ್ಟಗಲದ ಹಳ್ಳವೊಂದು ಇರುತ್ತದಲ್ಲ, ಅದೇ ನಾನು. ನನಗೆ ಬರುವುದು ಎರಡೇ ಮಾತು: ಹೌದು, ಇಲ್ಲ. ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಮೊಟ್ಟಮೊದಲು ಮುಟ್ಟಿದ್ದು ಮನುಷ್ಯರಲ್ಲ, ಒಂದು ರಬ್ಬರ್ ಬೆರಳು. ಯಂತ್ರವೊಂದು ಅದನ್ನು ನನ್ನ ಮೇಲೆ ಒತ್ತಿ ಒತ್ತಿ ಪರೀಕ್ಷೆ ಮಾಡಿತು. ತಣ್ಣಗಿನ ಬೆರಳು, ಅದಕ್ಕೆ ಹೌದು ಎಂದೆ, ಪಾಸಾದೆ. ಅಷ್ಟಕ್ಕೇ ಆಗ ನನಗೆ ಬಂದ ಜಂಬವನ್ನು ನೆನೆದರೆ ಇವತ್ತು ನಾಚಿಕೆಯಾಗುತ್ತದೆ.

ಮೊದಲ ಯಜಮಾನ ವಿರೂಪಾಕ್ಷಪ್ಪ ಎಂಬ ಸೈಟು ದಲ್ಲಾಳಿ. ದಿನಕ್ಕೆ ನೂರು ಸಲ ಫೋನು ತೆರೆಯುವುದು, ಏನನ್ನೂ ನೋಡದೆ ಮುಚ್ಚುವುದು. ಮಸಾಲೆದೋಸೆ ತಿಂದ ಬೆರಳಿನಲ್ಲೇ ಒತ್ತಿ, ನಾನು ಒಲ್ಲೆ ಎಂದರೆ ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದ. ಒಂದೂವರೆ ವರ್ಷದ ಮೇಲೆ ಹೊಸ ಫೋನಿನ ಮೇಲೆ ಮನಸ್ಸಾಗಿ, ನಮ್ಮನ್ನು ರಾಮನಗರದ ಜಬೀವುಲ್ಲಾನ ಮೊಬೈಲ್ ಅಂಗಡಿಗೆ ಕೊಟ್ಟು ಹೋದ. ಜಬೀವುಲ್ಲಾ ಒಳಗಿದ್ದುದನ್ನೆಲ್ಲ ಅಳಿಸಿದ. ವಿರೂಪಾಕ್ಷಪ್ಪನ ಬೆರಳ ಗೆರೆಗಳು ಹೋದವು, ಬೈಗುಳ ಮಾತ್ರ ಉಳಿಯಿತು.

ಅಲ್ಲಿಂದ ನಮ್ಮನ್ನು ಕೊಂಡವನು ಚಿಕ್ಕವೀರಯ್ಯ. ಮಾರುಕಟ್ಟೆಯಿಂದ ರೇಷ್ಮೆಗೂಡು ಸಾಗಿಸುವ ಗೂಡ್ಸ್ ಆಟೋ ಅವನದು. ಬಲು ಬಾಯಾಳಿ. ಮಾರುಕಟ್ಟೆಯ ಈ ಬಾಗಿಲಲ್ಲಿ ನಿಂತು ಮಾತಾಡಿದರೆ ಆ ಬಾಗಿಲಿನವರು ತಿರುಗಿ ನೋಡಬೇಕು. ಅವನಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ಆರಂಕಿಯ ನಂಬರೊಂದನ್ನು ತಲೆಯಲ್ಲಿಟ್ಟುಕೊಂಡು ಅದನ್ನೇ ಒತ್ತಿ ಫೋನು ತೆರೆಯುತ್ತಿದ್ದ. ಹಾಗಾಗಿ ಎರಡು ವರ್ಷ ನನಗೆ ಕೆಲಸವೇ ಇರಲಿಲ್ಲ.

ಅವನ ಹೆಂಡತಿ ಹೊಂಬಾಳಮ್ಮ ನೂಲು ಬಿಚ್ಚುವ ಕೆಲಸದವಳು. ಕುದಿನೀರಿನ ಬೇಸಿನ್ನಿನ ಮುಂದೆ ಕೂತು, ಬೆಂದ ಗೂಡಿನಿಂದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ತೆಗೆಯಬೇಕು. ಇಪ್ಪತ್ತೆರಡು ವರ್ಷದಿಂದ ಅದೇ. ಬೆರಳುಗಳು ಬಿಳಿಚಿ, ಚರ್ಮ ಸುಲಿದು, ಗೆರೆಗಳು ಸವೆದುಹೋಗಿದ್ದವು. ಆದರೆ ನಾನು ಅವಳ ಬೆರಳನ್ನು ಮೊದಲು ಕಂಡಾಗ ಅದು ಹಾಗಿರಲಿಲ್ಲ. ಇಷ್ಟೂ ಅನರ್ಥಕ್ಕೆ ಅದೇ ಮೂಲ.

ಚಿಕ್ಕವೀರಯ್ಯನ ಗಂಟಲಲ್ಲಿ ಗಡ್ಡೆ ಎದ್ದಿತ್ತು. ಪ್ರಾಣ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಬೆಂಗಳೂರಿನ ಡಾಕ್ಟರು. ಅವನು ಆಸ್ಪತ್ರೆ ಸೇರಿದ, ನೋಡಿಕೊಳ್ಳಲು ಅವಳೂ ಜೊತೆಗೆ ಹೋದಳು. ಒಂದು ತಿಂಗಳು ಕುದಿನೀರು ಸೋಕದೆ ಹೊಂಬಾಳಮ್ಮನ ಬೆರಳಿಗೆ ಹೊಸ ಚರ್ಮ ಬಂದಿತ್ತು. ಆಪರೇಷನ್ನಿನ ಹಿಂದಿನ ದಿನ ಅವನು ಅವಳ ತೋರುಬೆರಳನ್ನು ಹಿಡಿದು ನನ್ನ ಮೇಲಿಟ್ಟ.

"ನಂಬರ್ ಗಿಂಬರ್ ನಿಂಗ್ಯಾಕೆ? ಬೆರಳಿಟ್ರೆ ಬಿಚ್ಕತದೆ. ನನ್ ದನಿ ಕೇಳ್ಬೇಕು ಅನ್ಸಿದಾಗ ಹಿಂಗ್ ಮಾಡು."

ಅವಳಿಗೋ ಬೆರಳು ನೋಡಿಕೊಂಡಷ್ಟೂ ಸಾಲದು. "ನೋಡ್ರೀ, ನನ್ ಕೈಗೂ ಗೆರೆ ಬಂದವೆ!"

ಆ ಗೆರೆಗಳನ್ನು ನಾನು ಕಲಿತೆ. ಮುಟ್ಟುವ ಮೊದಲು ಬೆರಳನ್ನು ಸೆರಗಿಗೆ ಒರೆಸಿ, ಸ್ವಲ್ಪ ಓರೆಯಾಗಿ ಇಡುವುದು ಅವಳ ಅಭ್ಯಾಸ. ಅದನ್ನೂ ಕಲಿತೆ.

ಆಮೇಲೆ ಅವನು ತನ್ನ ದನಿಯನ್ನು ಫೋನಿನಲ್ಲಿ ತುಂಬಿದ. ನಾಲ್ಕೇ ನಿಮಿಷ. ದೊಡ್ಡ ಮಾತೇನೂ ಇಲ್ಲ. "ಇದು ಓಡ್ತಾ ಐತಾ? ಲೇ ಹೊಂಬಾ, ಏನಂತ ಹೇಳ್ಲಿ?" ಎನ್ನುತ್ತಾನೆ. "ದಿನಾ ಬಾಯ್ ಮುಚ್ಚಕಿಲ್ಲ, ಇವತ್ತೇನ್ ಬಂತು ನಿಮ್ಗೆ?" ಎಂದು ಅವಳ ದನಿ. ಅವನು ನಗುತ್ತಾನೆ, ಕೆಮ್ಮುತ್ತಾನೆ, ಆಸ್ಪತ್ರೆಯ ಉಪ್ಪಿಟ್ಟನ್ನು ಬೈಯುತ್ತಾನೆ. ಕೊನೆಗೆ ರಸ್ತೆಯಲ್ಲಿ ಆಟೋ ನಿಲ್ಲಿಸಿ ಮನೆಯೊಳಕ್ಕೆ ಕೂಗುವ ಹಾಗೆ ಎರಡು ಸಲ "ಹೊಂಬಾ, ಲೇ ಹೊಂಬಾ" ಎನ್ನುತ್ತಾನೆ. ಅಷ್ಟೇ.

ಆಪರೇಷನ್ ಆಯಿತು. ಅವನು ಒಳಗೆ ಮಲಗಿದ್ದ ದಿನಗಳಲ್ಲಿ ಅವಳು ಹೊರಗಿನ ಬೆಂಚಿನ ಮೇಲೆ ಕೂತು ಬೆರಳಿಡುತ್ತಿದ್ದಳು. ನಾನು ಹೌದು ಎನ್ನುತ್ತಿದ್ದೆ. ನನ್ನ ಬಾಳಿನಲ್ಲಿ ಸುಖವೆಂದರೆ ಅದೊಂದೇ. ಮೂರು ದಿನವಾದ ಮೇಲೆ ಮಾತ್ರ ಫೋನು ನನ್ನನ್ನು ಬದಿಗೆ ಸರಿಸಿ ನಂಬರು ಕೇಳಿತು. ಅದು ನಮ್ಮ ಮೇಲಿರುವ ಕಟ್ಟಳೆ. ನಂಬರು ಒತ್ತಿ ಮೂರು ದಿನ ಕಳೆದರೆ, ಮತ್ತೆ ಒತ್ತುವವರೆಗೆ ಬೆರಳಿನ ಮಾತು ನಡೆಯುವುದಿಲ್ಲ. ಅವಳು ಫೋನನ್ನು ಅವನ ಹಾಸಿಗೆಯ ಹತ್ತಿರ ಒಯ್ದಳು, ಅವನು ನಂಬರು ಒತ್ತಿಕೊಟ್ಟ. ಅದರ ಅರ್ಥವೇನೆಂದು ಅವಳೂ ಕೇಳಲಿಲ್ಲ, ಮಾತು ಹೋಗಿದ್ದ ಅವನೂ ಹೇಳಲಿಲ್ಲ.

ಊರಿಗೆ ಬಂದ ಹತ್ತೇ ದಿನಕ್ಕೆ ಹೊಟ್ಟೆಪಾಡಿಗಾಗಿ ಹೊಂಬಾಳಮ್ಮ ಬೇಸಿನ್ನಿಗೆ ಮರಳಿದಳು. ಅವಳು ಹೋದ ಮೇಲೆ ಚಿಕ್ಕವೀರಯ್ಯ ಗೋಡೆಗೊರಗಿ ಕೂತು, ನಂಬರು ಒತ್ತಿ, ತನ್ನದೇ ದನಿಯನ್ನು ತಾನೇ ಕೇಳುತ್ತಿದ್ದ. ಸಂಜೆ ಅವಳು ಬಂದರೆ ಅವಳಿಗೂ ತೆರೆದುಕೊಡುತ್ತಿದ್ದ. ನನ್ನ ಮೇಲೆ ಬೆರಳಿಡುವ ಪ್ರಮೇಯವೇ ಬರಲಿಲ್ಲ. ಹಾಗಾಗಿ ಅವಳ ಬೆರಳಿನಿಂದ ನಾನು ಕಲಿತ ಗೆರೆಗಳು ಅಳಿಸಿಹೋಗುತ್ತಿರುವುದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಒಂದು ದಿನ ಬೆಳಿಗ್ಗೆ ಎಂದಿನಂತೆ ನಂಬರು ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಗಂಟಲಿನಿಂದ ರಕ್ತ ಕಿತ್ತುಕೊಂಡಿತು. ಪಕ್ಕದ ಮನೆಯವರು ಹೇಳಿಕಳಿಸಿ, ಹೊಂಬಾಳಮ್ಮ ಒದ್ದೆ ಕೈಯಲ್ಲೇ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದವರು ಚಾಪೆಯ ಮೇಲೆ ಕೂತಿದ್ದಾಗ ಅವಳು ಬೆರಳನ್ನು ಸೆರಗಿಗೆ ಒರೆಸಿ ನನ್ನ ಮೇಲಿಟ್ಟಳು. ಸ್ವಲ್ಪ ಓರೆಯಾಗಿ. ಅದೇ ಬಿಸುಪು. ಇವಳೇ ಎಂದು ನನಗೆ ಗೊತ್ತಿತ್ತು. ಆದರೆ ನನ್ನನ್ನು ಮಾಡಿರುವುದು ಗೆರೆ ನೋಡುವುದಕ್ಕೆ, ಅಲ್ಲಿ ಗೆರೆಯೇ ಇರಲಿಲ್ಲ. ಗೊತ್ತಿದ್ದೂ ಇಲ್ಲ ಎಂದೆ. ಮತ್ತೆ ಒತ್ತಿದಳು. ಮತ್ತೆ ಇಲ್ಲ ಎಂದೆ. ಆಟೋದ ನಂಬರು, ಹುಟ್ಟಿದ ತಾರೀಖು ಎಂದು ಯಾರೋ ಏನೇನೋ ಒತ್ತಿ ನೋಡಿದರು. ಯಾವುದೂ ಕೂಡಲಿಲ್ಲ. ಇಂಥ ಹುಟ್ಟು ಯಾವ ವಸ್ತುವಿಗೂ ಬೇಡ.

ಮಾರನೆಯ ದಿನ ಜಬೀವುಲ್ಲಾ ಮಾತಾಡಿಸಲು ಬಂದ. ಅವಳ ಕೈ ನೋಡಿದವನೇ ಧೈರ್ಯ ಹೇಳಿದ. "ಚರ್ಮ ಹೋಗೈತೆ ಅಕ್ಕ, ಅದಕ್ಕೇ ತಗೋತಿಲ್ಲ. ಹತ್ತು ದಿನ ನೀರ್ ಮುಟ್ಬೇಡಿ, ಗೆರೆ ಬತ್ತವೆ. ಅಲ್ಲೀಗಂಟ ಸುಮ್ ಸುಮ್ನೆ ಒತ್ಬೇಡಿ, ಲಾಕ್ ಆಗೋಯ್ತದೆ." ಒಳ್ಳೆಯ ಮನುಷ್ಯ. ಮೂರು ದಿನದ ಕಟ್ಟಳೆ ಅವನಿಗೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಹೊಂಬಾಳಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೆಲಸಕ್ಕೆ ಹೋಗಲಿಲ್ಲ, ಪಾತ್ರೆ ಮುಟ್ಟಲಿಲ್ಲ. ಬಲಗೈಯ ತೋರುಬೆರಳಿಗೆ ಬೆಣ್ಣೆ ಸವರಿ, ಹಳೆಯ ಪಂಚೆಯ ಚೂರು ಸುತ್ತಿ, ಮಗುವನ್ನು ಮಡಿಲಲ್ಲಿಟ್ಟುಕೊಂಡ ಹಾಗೆ ಇಟ್ಟುಕೊಂಡಳು. ಮೂರು ದಿನಕ್ಕೆ ಸಮಾಧಿಗೆ ಹಾಲುತುಪ್ಪ ಬಿಡಲು ಬಂದ ಅವಳ ನಾದಿನಿ ಸಾಕಮ್ಮ ಹೊರಗೆ ನಿಂತು, "ಗಂಡನ್ನ ಕಳ್ಕಂಡೋಳು ಕೈಗ್ ಬೆಣ್ಣೆ ಹಚ್ಕಂಡ್ ಕೂತವ್ಳೆ, ನೋಡು" ಎಂದಳು. ಅದು ಹೊಂಬಾಳಮ್ಮನ ಕಿವಿಗೂ ಬಿತ್ತು. ಅವಳು ಬಟ್ಟೆ ಬಿಚ್ಚಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುತ್ತಿಕೊಂಡಳು.

ಅದೇ ದಿನ ನನ್ನ ಬಾಯಿ ಕಟ್ಟಿತು. ಅವನು ಕೊನೆಯ ಸಲ ನಂಬರು ಒತ್ತಿ ಮೂರು ದಿನ ತುಂಬಿತ್ತು. ಇನ್ನು ಬೆರಳು ಬಂಗಾರದ್ದಾದರೂ ಪ್ರಯೋಜನವಿಲ್ಲ. ಆದರೂ ಅವಳು ಫೋನನ್ನು ಚಾರ್ಜಿಗೆ ಹಾಕುತ್ತಿದ್ದಳು, ನನ್ನ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಅವಳಿಗೆ ದಿನ ದಿನಕ್ಕೂ ಆಸೆ ಏರುತ್ತಿತ್ತು. ನಾನು ಎಲ್ಲ ಗೊತ್ತಿದ್ದೂ ಗೋಡೆಯ ಗೂಡಿನಲ್ಲಿ ಬಿದ್ದುಕೊಂಡಿದ್ದೆ.

ಹನ್ನೊಂದನೆಯ ದಿನ ತಿಥಿ ಮುಗಿಸಿ, ಬಟ್ಟೆ ಬಿಚ್ಚಿ, ಬೆರಳನ್ನು ಒರೆಸಿ ನನ್ನ ಮೇಲಿಟ್ಟಳು. ಬಂದಿದ್ದವು! ಒಂದೊಂದು ಗೆರೆಯೂ ಆಸ್ಪತ್ರೆಯಲ್ಲಿ ನಾನು ಕಲಿತ ಜಾಗದಲ್ಲೇ ಇತ್ತು. ಹೌದು ಎಂದು ಕೂಗಬೇಕೆನಿಸಿತು. ಫೋನು ನನ್ನನ್ನು ಕೇಳಲೇ ಇಲ್ಲ. ಪರದೆಯ ಮೇಲೆ ನಂಬರಿನ ಆರು ಖಾಲಿ ಚುಕ್ಕೆಗಳು ಮೂಡಿದವು.

ಅವಳು ಹಾಗೆಯೇ ಅಂಗಡಿಗೆ ಓಡಿದಳು. "ಬೆರಳು ಸರಿ ಹೋಗೈತೆ ನೋಡಪ್ಪ, ಗೆರೆ ಎಲ್ಲಾ ಬಂದವೆ."

ಜಬೀವುಲ್ಲಾ ಫೋನನ್ನೂ ಬೆರಳನ್ನೂ ನೋಡಿದ. "ಬೆರಳು ಸರಿಯಾಗೇ ಐತೆ ಅಕ್ಕ. ಇದು ಈಗ ಬೆರಳನ್ನ ಕೇಳ್ತಾನೇ ಇಲ್ಲ. ತಪ್ಪು ನಂದು, ಮರ್ತೋಗಿತ್ತು. ತೆಗೀಬೇಕು ಅಂದ್ರೆ ಒಳಗಿರೋದ್ನೆಲ್ಲ ಅಳಿಸ್ಬೇಕು."

"ಅವ್ರ ದನಿ?"

"ಅದೂ ಹೋಯ್ತದೆ."

"ಈಗ ಒಳಗೆ ಐತಾ?"

"ಐತೆ."

"ಹಂಗಾದ್ರೆ ಬುಡಪ್ಪ," ಎಂದಳು. ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಮಾರನೆಯ ಬೆಳಿಗ್ಗೆ ಬೇಸಿನ್ನಿಗೆ ಹೋಗಿ ಕುದಿನೀರಿಗೆ ಕೈಯಿಟ್ಟಳು. ಇನ್ನು ಆ ಬೆರಳನ್ನು ಯಾವುದಕ್ಕೆಂದು ಉಳಿಸಿಕೊಂಡಾಳು!

ಇದಾಗಿ ನಾಲ್ಕು ವರ್ಷ. ಬ್ಯಾಟರಿ ಉಬ್ಬಿ, ಫೋನಿನ ಬೆನ್ನು ಸೀಳಿದೆ. ನಾನು ಟ್ರಂಕಿನಲ್ಲಿ ಅವನ ಅಂಗಿಗಳ ನಡುವೆ ಇದ್ದೇನೆ. ಮನೆಗೆ ಬಂದವರು ಯಾರಾದರೂ ಅವನ ದನಿಯ ವಿಷಯ ಕೇಳಿದರೆ ಹೊಂಬಾಳಮ್ಮ ನನ್ನನ್ನು ಒಂದು ಮಾತೂ ಅನ್ನುವುದಿಲ್ಲ, ಜಬೀವುಲ್ಲಾನನ್ನೂ ದೂರುವುದಿಲ್ಲ. ಬಿಳಿಚಿದ ಕೈಯನ್ನು ಮುಂದೆ ಹಿಡಿದು, "ನನ್ ಕೈಯೇ ಸರಿ ಇರ್ಲಿಲ್ಲ ಕಣಮ್ಮ" ಎನ್ನುತ್ತಾಳೆ. ನಿನ್ನ ಕೈ ಸರಿಯಾಗಿಯೇ ಇತ್ತು ತಾಯಿ ಎಂದು ಹೇಳಲು ನನಗೆ ಬಾಯಿಲ್ಲ.